ತಗ್ಗಿನ ಶಾಲೆಯ ಅಳತೆ

ನನಗೆ ತಗ್ಗಿನ ಶಾಲೆಗೆ ವರ್ಗವಾಯಿತೆಂದು ತಿಳಿದ ಸಂಜೆ ನನ್ನ ಗಂಡ ಸಮಾಧಾನದ ಒಂದು ಮಾತೂ ಆಡದೆ ಚಪ್ಪಲಿ ಮೆಟ್ಟಿಕೊಂಡು ಹೋಗಿ, ಬೆನ್ನಿಗೆ ಹಚ್ಚುವ ಎಣ್ಣೆಯ ದೊಡ್ಡ ಬಾಟಲಿಯೊಂದನ್ನು ತಂದು ಗೂಡಿನಲ್ಲಿಟ್ಟರು. ಅವರು ಮುಂದಾಲೋಚನೆಯ ಮನುಷ್ಯ. ನಾನು ಉದ್ದದ ಹೆಂಗಸು. ಬಸ್ಸಿನಲ್ಲಿ ನಿಂತರೆ ಮೇಲಿನ ಕಂಬಿ ನನ್ನ ಹಣೆಗೇ ಬಂದು ತಾಗುತ್ತದೆ. ತಗ್ಗಿನ ಶಾಲೆಯ ಬಾಗಿಲು ಆ ವರ್ಷ ನನ್ನ ಸೊಂಟದ ಮಟ್ಟಕ್ಕಿತ್ತು, ಚಾವಣಿ ಅದಕ್ಕಿಂತ ಒಂದೆರಡು ಗೇಣು ಮೇಲೆ.

ನಮ್ಮೂರಿನಲ್ಲಿ ಏಳನೇ ತರಗತಿಯ ಫಲಿತಾಂಶ ಬಂದ ದಿನ ಶಾಲೆಗಳ ಅಳತೆ ಬದಲಾಗುತ್ತದೆ. ಮಕ್ಕಳ ಸರಾಸರಿ ಅಂಕ ಹೋದ ವರ್ಷಕ್ಕಿಂತ ಏರಿದರೆ ಕಟ್ಟಡ ಬೆಳೆಯುತ್ತದೆ, ಇಳಿದರೆ ಕುಗ್ಗುತ್ತದೆ. ಗೋಡೆ, ಬಾಗಿಲು, ಕಿಟಕಿ, ಗೋಡೆಗೆ ಬಳಿದ ಕಪ್ಪು ಹಲಗೆ ಎಲ್ಲವೂ ಒಟ್ಟಿಗೆ. ಬೆಂಚು, ಕುರ್ಚಿ, ಅನ್ನದ ಪಾತ್ರೆ, ಮಕ್ಕಳು, ಮೇಷ್ಟ್ರುಗಳು ಮಾತ್ರ ಇದ್ದಷ್ಟೇ ಇರುತ್ತಾರೆ. ಅದಕ್ಕೇ ಫಲಿತಾಂಶದ ದಿನ ಬೆಳಿಗ್ಗೆ ಎಲ್ಲ ಶಾಲೆಗಳಲ್ಲೂ ಸಾಮಾನನ್ನು ಹೊರಗೆ ತೆಗೆದಿಡುವುದು ರೂಢಿ. ಊರಿನವರು ಕಡಲೆಕಾಯಿ ಕಟ್ಟಿಸಿಕೊಂಡು ಬಂದು ಮೋರಿಕಟ್ಟೆಯ ಮೇಲೆ ಕೂರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಕಟ್ಟಡ ಒಂದು ಸಲ ನರಳಿ, ಆಗಬೇಕಾದಷ್ಟು ಆಗುತ್ತದೆ. ಆಮೇಲೆ ಇಲಾಖೆಯ ಅಳತೆ ಸಾಹೇಬರು ಟೇಪು ಹಿಡಿದು ಬಂದು, ಎಲ್ಲರ ಕಣ್ಣಿಗೂ ಕಾಣುತ್ತಿರುವುದನ್ನು ಅಳೆದು ಹೇಳಿ, ಎಳನೀರು ಕುಡಿದು ಹೋಗುತ್ತಾರೆ.

ದಿಬ್ಬದ ಶಾಲೆ ಹೀಗೆ ವರ್ಷವರ್ಷವೂ ಬೆಳೆದು ಬೆಳೆದು ಈಗ ಅದಕ್ಕೆ ತನ್ನದೇ ಮೋಡವೊಂದು ಇರುವಂತೆ ಕಾಣುತ್ತದೆ. ಅಲ್ಲಿ ಗಂಟೆ ಹೊಡೆದರೆ ಹಿಂದಿನ ಕೋಣೆಗಳಿಗೆ ಕೇಳಿಸುವುದಿಲ್ಲ. ಫ್ಯಾನುಗಳು ಎಷ್ಟು ಎತ್ತರದಲ್ಲಿವೆಯೆಂದರೆ ಅವುಗಳ ಗಾಳಿ ಪಾರಿವಾಳಗಳಿಗೆ ಮಾತ್ರ ಸಿಗುತ್ತದೆ. ಹೆಡ್ ಮೇಷ್ಟ್ರು ಒಳಗೇ ಸೈಕಲ್ಲಿನಲ್ಲಿ ಓಡಾಡುತ್ತಾರೆ. ಬೀಗ ಹಾಕಿದ ಖಾಲಿ ಹಜಾರಗಳು ಎಷ್ಟಿವೆಯೆಂದು ಅವರಿಗೇ ತಿಳಿಯದು. ತಗ್ಗಿನ ಶಾಲೆಯ ಕಥೆ ಇದರ ತಿರುವುಮುರುವು. ಕುಗ್ಗಿದ ಶಾಲೆಯಲ್ಲಿ ಬೆಂಚು ಹಿಡಿಸುವುದಿಲ್ಲವೆಂದು ಇಲಾಖೆ ಬೆಂಚು ಕೊಡುವುದಿಲ್ಲ. ಬೆಂಚಿಲ್ಲದೆ ಒಬ್ಬರ ಬೆನ್ನ ಮೇಲೆ ಒಬ್ಬರು ಪುಸ್ತಕ ಇಟ್ಟುಕೊಂಡು ಬರೆಯುವ ಮಕ್ಕಳು ಒಳ್ಳೆಯ ಅಂಕ ತೆಗೆಯುವುದಿಲ್ಲ. ಅಂಕ ಬರಲಿಲ್ಲವೆಂದು ಶಾಲೆ ಮತ್ತೆ ಕುಗ್ಗುತ್ತದೆ. ಶೌಚಾಲಯದೊಳಗೆ ಒಂದನೇ ತರಗತಿಯವರು ಮಾತ್ರ ಹಿಡಿಸುತ್ತಿದ್ದರು, ಉಳಿದವರಿಗೆ ಜಾಲಿಗಿಡಗಳೇ ಗತಿ. ಇದನ್ನೆಲ್ಲ ಇಲಾಖೆಯವರು ಪ್ರೋತ್ಸಾಹ ಎಂದು ಕರೆಯುತ್ತಿದ್ದರು.

ಮೇಷ್ಟ್ರುಗಳನ್ನೂ ಅಳತೆ ನೋಡಿಯೇ ಹಾಕುವುದು. ಉದ್ದನೆಯವರು ದೊಡ್ಡ ಶಾಲೆಗಳಿಗೆ, ಗಿಡ್ಡವರು ಸಣ್ಣ ಶಾಲೆಗಳಿಗೆ. ಹಾಗಾಗಿ ಉದ್ದ ಇರುವವರೇ ಬುದ್ಧಿವಂತರೆಂದು ಊರೆಲ್ಲ ನಂಬಿಕೊಂಡಿತ್ತು, ನಾನೂ ಆ ನಂಬಿಕೆಯಲ್ಲಿ ಹಾಯಾಗಿ ದಿಬ್ಬದ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಒಂದು ಸಭೆಯಲ್ಲಿ ಅಳತೆ ಸಾಹೇಬರು ಸಣ್ಣ ಶಾಲೆಯವರಿಗೆ ಸೋಮಾರಿತನ ರಕ್ತದಲ್ಲೇ ಇದೆ ಎಂದರು. ನಾನು ಎದ್ದು, ಸಾಹೇಬರೇ, ನೀವು ಕೂತಿರುವ ಆಫೀಸು ಯಾವ ಪರೀಕ್ಷೆ ಪಾಸು ಮಾಡಿ ಇಷ್ಟು ದೊಡ್ಡದಾಯಿತು ಎಂದು ಕೇಳಿದೆ. ಕೇಳಬಾರದಿತ್ತು ಎಂದು ಈಗಲೂ ನನಗೆ ಅನ್ನಿಸುವುದಿಲ್ಲ. ವರ್ಗದ ಆದೇಶ ಅದೇ ವಾರ ಬಂತು.

ತಗ್ಗಿನ ಶಾಲೆಯ ಹೆಡ್ ಮೇಷ್ಟ್ರು ಚನ್ನವೀರಯ್ಯ ಆಳು ಗಿಡ್ಡ, ದನಿ ದೊಡ್ಡದು. ಆ ಶಾಲೆಯಲ್ಲಿ ನೆಟ್ಟಗೆ ನಿಂತು ನಡೆಯಬಲ್ಲ ದೊಡ್ಡ ಮನುಷ್ಯರೆಂದರೆ ಅವರೊಬ್ಬರೇ, ಅದೂ ಟೋಪಿ ತೆಗೆದರೆ. ಆ ಹೆಮ್ಮೆ ಅವರ ನಡಿಗೆಯಲ್ಲಿ ಕಾಣುತ್ತಿತ್ತು. ನಾನು ಬಾಗಿಲಿನಿಂದ ತೆವಳಿ ಒಳಗೆ ಹೋಗಿ, ಮಂಡಿಯೂರಿ, ಕತ್ತು ಓರೆ ಮಾಡಿಕೊಂಡು ಭಿನ್ನರಾಶಿ ಹೇಳಿಕೊಡುವುದನ್ನು ಅವರು ನಿಂತುಕೊಂಡೇ ನೋಡಿ, ನಿಮಗೂ ರೂಢಿಯಾಗುತ್ತೆ ವಿಮಲಾಕ್ಷಮ್ಮನವರೇ, ಎನ್ನುತ್ತಿದ್ದರು. ಮಂಡಿಗೆ ರೂಢಿಯಾಯಿತು, ಬೆನ್ನಿಗೆ ಆಗಲಿಲ್ಲ.

ಒಳಗೆ ಇನ್ನೊಂದು ಪೀಡೆಯಿತ್ತು. ಯಾವುದೋ ವರ್ಷ ಫಲಿತಾಂಶದ ದಿನ ಎಲ್ಲ ಸಾಮಾನು ಹೊರಗೆ ತಂದವರು ಕಬ್ಬಿಣದ ಬೀರುವನ್ನು ಮಾತ್ರ ಮರೆತಿದ್ದರು. ಶಾಲೆ ಅದರ ಮೇಲೆಯೇ ಕುಗ್ಗಿ, ಚಾವಣಿ ಅದರ ನೆತ್ತಿಯ ಮೇಲೆ ಕೂತು, ಬೀರು ಎರಡು ಕಿಟಕಿಗಳಲ್ಲಿ ಒಂದನ್ನು ಪೂರ್ತಿ ಮುಚ್ಚಿ ನಿಂತಿತ್ತು. ಬಾಗಿಲು ತೆರೆಯಲು ಜಾಗವಿಲ್ಲ, ಎತ್ತಿ ಹೊರಗೆ ತರುವಂತಿಲ್ಲ. ಒಳಗೇನಿದೆಯೆಂದು ಕೇಳಿದರೆ ಹೆಡ್ ಮೇಷ್ಟ್ರು ನಿಟ್ಟುಸಿರು ಬಿಟ್ಟು, ಎಲ್ಲವೂ ಅದರಲ್ಲೇ ಇದೆ ಎನ್ನುತ್ತಿದ್ದರು. ಸೀಮೆಸುಣ್ಣ ಕೇಳಿ ಇಲಾಖೆಗೆ ಬರೆದರೆ, ನಿಮಗೆ ಆಗಲೇ ಕೊಟ್ಟಿದೆಯಲ್ಲ ಎಂದು ಉತ್ತರ ಬರುತ್ತಿತ್ತು. ನಾವು ಗಚ್ಚಿನ ಪೆಂಟೆಗಳಲ್ಲಿ ಬರೆಯುತ್ತಿದ್ದೆವು.

ಇಷ್ಟರ ನಡುವೆ ಹೊನ್ನೂರಿ ಇದ್ದಳು. ಏಳನೇ ತರಗತಿಯ ಹುಡುಗಿ, ಆದರೆ ಎತ್ತರದಲ್ಲಿ ನನ್ನ ಭುಜ ದಾಟಿದ್ದಳು. ಅವಳ ತಾಯಿ ದುರುಗಮ್ಮ ಸಂತೆಪೇಟೆಯಲ್ಲಿ ಸೌತೆಕಾಯಿ ಮಾರುವವಳು. ಹೊನ್ನೂರಿ ಶಾಲೆ ಸೇರಿದ್ದೇ ತಡವಾಗಿ. ದಿನಾ ಬೆಳಿಗ್ಗೆ ತುಂಬಿದ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಪೇಟೆಗೆ ಮುಟ್ಟಿಸಿ, ತಲೆಗೂ ಬುಟ್ಟಿಗೂ ನಡುವೆ ಇಡುವ ಹಳೇ ಸೀರೆಯ ಸಿಂಬೆಯನ್ನು ಪುಸ್ತಕದ ಚೀಲದೊಳಗೆ ತುರುಕಿಕೊಂಡು ಶಾಲೆಗೆ ಬರುತ್ತಿದ್ದಳು. ಅವಳ ಪುಸ್ತಕಗಳೆಲ್ಲ ಸೌತೆಕಾಯಿ ವಾಸನೆ. ಓದುವುದು ನಿಧಾನ, ಬರೆಯುವುದು ಅದಕ್ಕಿಂತ ನಿಧಾನ. ಒಳಗೊಳಗೇ ಮಹಾ ಬುದ್ಧಿವಂತೆ ಎಂದೇನೂ ನಾನು ಹೇಳುವುದಿಲ್ಲ. ಗಣಿತದಲ್ಲಿ ಅವಳು ದಡ್ಡಿಯೇ. ಆದರೆ ಬಿಡದೆ ಬರುತ್ತಿದ್ದಳು.

ಒಳಗೆ ಅವಳು ಕೂತರೆ ಮೂರು ಮಕ್ಕಳ ಜಾಗ ಹೋಗುತ್ತದೆಂದು ಹೆಡ್ ಮೇಷ್ಟ್ರು ಅವಳನ್ನು ಉಳಿದಿದ್ದ ಒಂದು ಕಿಟಕಿಯ ಹೊರಗೆ ಕೂರಿಸಿದ್ದರು. ಅವಳು ಅಂಗಳದಲ್ಲಿ ಮಂಡಿಯೂರಿ ತಲೆಯನ್ನೂ ಕೈಗಳನ್ನೂ ಕಿಟಕಿಯೊಳಗೆ ಇಡುತ್ತಿದ್ದಳು. ತಲೆ ಒಳಗಿದ್ದರೆ ಹಾಜರಿ ಹಾಕಬಹುದೆಂದು ಅಳತೆ ಸಾಹೇಬರೇ ಅಪ್ಪಣೆ ಕೊಟ್ಟಿದ್ದರು, ಎಣಿಸುವುದು ತಲೆಗಳನ್ನೇ ತಾನೆ. ಮಳೆ ಬಂದರೆ ಅವಳ ಪಾಠ ಒಣಗಿರುತ್ತಿತ್ತು, ಲಂಗ ತೊಪ್ಪೆಯಾಗುತ್ತಿತ್ತು. ಒಮ್ಮೊಮ್ಮೆ ಹಿಂದಿನಿಂದ ಮೇಕೆ ಬಂದು ಅವಳ ಜಡೆಯ ರಿಬ್ಬನ್ನಿಗೆ ಬಾಯಿ ಹಾಕುತ್ತಿತ್ತು. ಅವಳು ತುಟಿ ಪಿಟಕ್ಕೆನ್ನದೆ ಹಿಮ್ಮಡಿಯಲ್ಲಿ ಅದನ್ನು ಒದ್ದು ಪಾಠ ಕೇಳುತ್ತಿದ್ದಳು.

ಪರೀಕ್ಷೆ ಹತ್ತಿರ ಬಂದಾಗ ಹೆಡ್ ಮೇಷ್ಟ್ರು ನನ್ನನ್ನು ಹೊರಗೆ ಕರೆದು ಹೊಂಗೆಮರದ ಕೆಳಗೆ ಕೂರಿಸಿ ಮಾತಾಡಿದರು. ಪರೀಕ್ಷೆಯ ದಿನ ತಾವು ಮಾಡುವ ಜಪದ ಬಗ್ಗೆ ಮೊದಲು ಹೇಳಿದರು. ಅವರು ದೇವರ ನಾಮ ಹೇಳುವವರ ಹಾಗೆ ಕಣ್ಣು ಅರ್ಧ ಮುಚ್ಚಿ ಮಕ್ಕಳ ನಡುವೆ ಓಡಾಡುತ್ತ ಉತ್ತರಗಳನ್ನು ಪಿಸುಗುಟ್ಟುತ್ತಿದ್ದರು. ನೆಟ್ಟಗೆ ನಡೆಯಬಲ್ಲವರು ಅವರೊಬ್ಬರೇ ಆದ್ದರಿಂದ ಆ ಸೇವೆ ಅವರಿಂದ ಮಾತ್ರ ಸಾಧ್ಯ. ಆ ಜಪವಿಲ್ಲದಿದ್ದರೆ ಶಾಲೆ ಯಾವತ್ತೋ ಇಲಿಬೋನಾಗಿ ಹೋಗುತ್ತಿತ್ತು ಎಂದರು. ಆದರೆ ಜಪಕ್ಕೂ ಒಂದು ವೇಗವಿದೆ. ಹೊನ್ನೂರಿ ಒಂದನ್ನು ಕೇಳಿಸಿಕೊಂಡು ಬರೆಯುವಷ್ಟರಲ್ಲಿ ಅವರು ಮೂರನೆಯದಕ್ಕೆ ಹೋಗಿರುತ್ತಾರೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವಳು ಒಂದನೆಯ ಉತ್ತರದ ತಲೆಗೆ ಮೂರನೆಯದರ ಬಾಲ ಅಂಟಿಸಿ, ನಮ್ಮ ದೇಹದಲ್ಲಿ ರಕ್ತವನ್ನು ಶುದ್ಧಿಮಾಡುವ ಅಂಗ ದಕ್ಷಿಣದ ಪೀಠಭೂಮಿ ಎಂದು ಬರೆದಿದ್ದಳು.

ಅದಕ್ಕೆ ಅವಳಿಗೆ ಜ್ವರ ಬರಬೇಕು ಎಂದರು ಹೆಡ್ ಮೇಷ್ಟ್ರು. ನನಗೆ ಆ ಜ್ವರ ಗೊತ್ತಿತ್ತು. ದಿಬ್ಬದ ಶಾಲೆಯಲ್ಲಿ ಪ್ರತಿ ವರ್ಷ ಪರೀಕ್ಷೆಯ ದಿನವೇ ಅಂಕ ಕಮ್ಮಿ ಬರುವ ಮಕ್ಕಳಿಗೆಲ್ಲ ಒಟ್ಟಿಗೆ ಜ್ವರ ಬಂದು, ಅವರನ್ನು ಬಸ್ಸಿನಲ್ಲಿ ತುಂಬಿ ತೋಟಕ್ಕೆ ಕರೆದುಕೊಂಡು ಹೋಗಿ ಪುಳಿಯೋಗರೆ ಹಾಕುತ್ತಾರೆ. ಗೈರುಹಾಜರಾದವರು ಸರಾಸರಿಗೆ ಸೇರುವುದಿಲ್ಲ. ಹೆಡ್ ಮೇಷ್ಟ್ರು ಕೆಟ್ಟ ಮನುಷ್ಯರಲ್ಲ. ಅವರ ಕಣ್ಣು ಒದ್ದೆಯಾಗಿತ್ತು. "ಒಬ್ಬಳು ಹೊರಗಿದ್ರೆ ಮೂವತ್ತು ಮಕ್ಕಳಿಗೆ ಉಸಿರಾಡೋಕೆ ಜಾಗ ಆಗುತ್ತೆ. ಈ ಸಲ ಇಳಿದ್ರೆ ಬಾಗಿಲು ಮಂಡಿಮಟ್ಟಕ್ಕೆ ಬರುತ್ತೆ, ಆಮೇಲೆ ಮುಚ್ಚೋದೇ. ನಿಮ್ಮ ಬೆನ್ನೂ ಸ್ವಲ್ಪ ನೆಟ್ಟಗಾಗ್ಲಿ ವಿಮಲಾಕ್ಷಮ್ಮನವರೇ," ಎಂದರು. ಮುಚ್ಚಿದ ಶಾಲೆಯ ಮಕ್ಕಳನ್ನು ದಿಬ್ಬದವರು ಅಂಕ ನೋಡಿ ಆರಿಸಿಕೊಳ್ಳುತ್ತಾರೆ. ನಮ್ಮ ಮಕ್ಕಳಲ್ಲಿ ಒಬ್ಬರನ್ನೂ ಆರಿಸುತ್ತಿರಲಿಲ್ಲ. ಅವರು ಹೇಳಿದ್ದೆಲ್ಲ ನಿಜವೇ. ನನ್ನ ಬೆನ್ನಿನ ವಿಷಯವೂ ನಿಜ, ಸುಳ್ಳೇಕೆ ಹೇಳಲಿ, ಅದೇ ನನಗೆ ಮೊದಲು ಕಿವಿಗೆ ಬಿದ್ದದ್ದು. ಒಪ್ಪಿಕೊಂಡೆ.

ಜ್ವರವನ್ನು ಮನೆಗೆ ಮುಟ್ಟಿಸುವ ಕೆಲಸ ನನ್ನದಾಯಿತು. ಸಂಜೆ ಹೋದಾಗ ದುರುಗಮ್ಮ ಬಾಗಿಲಲ್ಲಿ ಕೂತು ಬಾಡಿದ ಕಾಯಿಗಳನ್ನು ಬೇರೆ ಮಾಡುತ್ತಿದ್ದಳು. ಹೊನ್ನೂರಿ ಗೋಡೆಗೊರಗಿ ಗಟ್ಟಿಯಾಗಿ ಓದುತ್ತಿದ್ದಳು, ಪ್ರತಿ ಪದವನ್ನೂ ಬುಟ್ಟಿಯಿಂದ ಎತ್ತಿ ನೋಡಿ ಇಡುವವಳ ಹಾಗೆ. ನಾನು ಸುತ್ತಿ ಬಳಸಿ ವಿಷಯ ಹೇಳಿದೆ. ದುರುಗಮ್ಮನಿಗೆ ಸಿಟ್ಟು ಬರಬಹುದೆಂದು ಕಾದೆ. ಬರಲಿಲ್ಲ. ಇಂಥದಕ್ಕೆಲ್ಲ ಸಿಟ್ಟು ಮಾಡಿಕೊಳ್ಳುವಷ್ಟು ಬಿಡುವು ಅವಳಿಗೆ ಇರಲಿಲ್ಲ. ಹಂಗಾದ್ರೆ ಅವತ್ತು ಪೇಟೇಲೇ ಇರ್ಲಿ ಬಿಡಿ ಮಿಸ್ಸಮ್ಮ, ನಂಗೂ ಕೈಯಾಸರೆ ಆಯ್ತದೆ, ಎಂದು ನನ್ನ ಕೈಗೆ ಒಂದು ಎಳೆ ಸೌತೆಕಾಯಿ ಕೊಟ್ಟಳು.

ಹೊನ್ನೂರಿ ಪುಸ್ತಕ ಮಡಿಚಿ, ಪರೀಕ್ಷೆಗೆ ಬರುವ ಪ್ರಶ್ನೆ ಕೇಳುವವಳ ಹಾಗೆ ಗಂಭೀರವಾಗಿ ಕೇಳಿದಳು. "ಮಿಸ್, ಈ ಜ್ವರ ಯಾವಾಗ ಬಿಡ್ತೈತೆ?"

ನಾನು ಸೌತೆಕಾಯಿ ಕಡಿದೆ. ಬಾಯಿ ತುಂಬಿದ್ದರೆ ಉತ್ತರ ಕೊಡಬೇಕಾಗಿಲ್ಲವಲ್ಲ. ಆ ಜ್ವರ ಬಿಡುವುದಿಲ್ಲವೆಂದು ನನಗೆ ಗೊತ್ತಿತ್ತು. ದಿಬ್ಬದ ಶಾಲೆಯಲ್ಲಿ ಒಂದು ವರ್ಷ ಜ್ವರ ಬಂದ ಮಗುವಿಗೆ ಮರುವರ್ಷವೂ ಬರುತ್ತಿತ್ತು, ಮೂರನೇ ವರ್ಷದ ಹೊತ್ತಿಗೆ ಹೆಸರೇ ಹೊಡೆದುಹೋಗಿರುತ್ತಿತ್ತು. ಮನೆಗೆ ಬಂದು ಮಲಗಿದರೆ ಗಂಡ ಬೆನ್ನಿಗೆ ಎಣ್ಣೆ ತಿಕ್ಕುತ್ತ, ಇವತ್ತು ಎಲ್ಲಿ ನೋವು ಎಂದರು. ತೋರಿಸಲು ಜಾಗ ಸಿಗಲಿಲ್ಲ.

ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ ಹಂಚಿ ಹಿಂದಕ್ಕೆ ತಿರುಗಿದರೆ ಕೋಣೆಯ ತುಂಬ ಬಿಸಿಲು. ವರ್ಷವಿಡೀ ಆ ಕಿಟಕಿಯನ್ನು ಹೊನ್ನೂರಿಯ ತಲೆ ಮುಚ್ಚಿತ್ತು, ನಮಗೆ ಅದೇ ಪರದೆ. ಮಕ್ಕಳು ಕಣ್ಣಿಗೆ ಕೈ ಅಡ್ಡ ಹಿಡಿದುಕೊಂಡು, ಮಿಸ್ ಬಿಸಿಲು, ಮಿಸ್ ಬಿಸಿಲು ಎಂದು ಗೊಣಗಿದರು. ಮುಂದಿನ ಸಾಲಿನ ಸಣ್ಣವನೊಬ್ಬ, ಹೊನ್ನೂರಕ್ಕನ್ನ ಕರೀರಿ ಮಿಸ್ ಎಂದ. ಹೆಡ್ ಮೇಷ್ಟ್ರು ಗಂಟಲು ಸರಿಪಡಿಸಿಕೊಂಡು ಜಪಕ್ಕೆ ತಯಾರಾಗುತ್ತಿದ್ದರು. ನನಗೆ ಇದ್ದಕ್ಕಿದ್ದಂತೆ ರೇಗಿಹೋಯಿತು. ಯಾರ ಮೇಲೆಂದು ಕೇಳಿದರೆ ಹೇಳಲಾರೆ. ಬಾಗಿಲಿನಿಂದ ತೆವಳಿ ಹೊರಬಿದ್ದು, ಸೀರೆ ಎತ್ತಿ ಕಟ್ಟಿ, ಪೇಟೆಯ ಕಡೆಗೆ ದಾಪುಗಾಲು ಹಾಕಿದೆ. ಉದ್ದ ಇರುವುದರಿಂದ ಇಷ್ಟಾದರೂ ಉಪಯೋಗವಿದೆ.

ಹೊನ್ನೂರಿ ತಕ್ಕಡಿ ಹಿಡಿದು ಕೂತಿದ್ದಳು. ಏಳೇ, ಜ್ವರ ಬಿಡ್ತು ಎಂದೆ. ಅವಳು ತಾಯಿಯ ಮುಖ ನೋಡಿದಳು. ದುರುಗಮ್ಮ ತಕ್ಕಡಿ ಕಸಿದುಕೊಂಡು, ಹೋಗು ಎಂದು ಕತ್ತು ಆಡಿಸಿದಳು. ನಾವಿಬ್ಬರೂ ಓಡಿಬಂದದ್ದನ್ನು ಕಂಡವರು ಎರಡು ಒಂಟೆ ಊರಿಗೆ ಬಂದಿವೆಯೆಂದು ಆಮೇಲೆ ಬಹಳ ದಿನ ನಕ್ಕರು.

ಬಿಸಿಲಿಗೆ ಗೊಣಗುವ ಮಕ್ಕಳನ್ನು ಸುಮ್ಮನಿರಿಸುವುದರಲ್ಲೇ ಹೊತ್ತು ಹೋಗಿ ಹೆಡ್ ಮೇಷ್ಟ್ರ ಜಪ ಇನ್ನೂ ಶುರುವಾಗಿರಲಿಲ್ಲ. ಅವರು ನಮ್ಮನ್ನು ಕಂಡದ್ದೇ ಹೊರಗೆ ಹಾರಿ ಬಂದು ಕಿಟಕಿಗೆ ಬೆನ್ನು ಕೊಟ್ಟು ನಿಂತರು. ನಾನು ಅವರ ಎದುರಿಗೆ ನಿಂತೆ. ಅವರು ನನ್ನ ಮುಖ ನೋಡಿ ಮಾತಾಡಬೇಕಾದರೆ ಆಕಾಶ ನೋಡಬೇಕಾಗಿತ್ತು, ಸೂರ್ಯ ಕಣ್ಣಿಗೆ ಹೊಡೆದು ಪಕ್ಕಕ್ಕೆ ಸರಿದರು. ಅಷ್ಟರಲ್ಲಿ ಹೊನ್ನೂರಿ ಮಂಡಿಯೂರಿ ತಲೆ ಒಳಗಿಟ್ಟಾಗಿತ್ತು. ಒಳಗೆ ನೆರಳು ಬಿತ್ತು, ಮಕ್ಕಳು ಹಾ ಎಂದರು. ಹೆಡ್ ಮೇಷ್ಟ್ರು ಕೈ ಹಿಸುಕಿಕೊಂಡು, ಹೋಗಲಿ, ಉಳಿದವರಿಗಾದರೂ ಹೇಳುತ್ತೇನೆ ಎಂದು ಬಾಗಿಲ ಕಡೆಗೆ ಧಾವಿಸಿದರು. ನಾನು ಅವರಿಗಿಂತ ಮೊದಲು ಹೋಗಿ ಬಾಗಿಲಲ್ಲಿ ಕೂತುಬಿಟ್ಟೆ. ಯೋಚಿಸಿ ಮಾಡಿದ್ದಲ್ಲ, ಹಟಕ್ಕೆ ಮಾಡಿದ್ದು. ನಾನು ಕೂತರೆ ಆ ಬಾಗಿಲಿಗೆ ಬೇರೆ ಕದ ಬೇಕಾಗಿರಲಿಲ್ಲ. ಒಂದು ಕಿಟಕಿಯಲ್ಲಿ ಹೊನ್ನೂರಿ, ಇನ್ನೊಂದರಲ್ಲಿ ಬೀರು, ಬಾಗಿಲಲ್ಲಿ ನಾನು. ಉತ್ತರಗಳು ಹೊರಗೆ ಉಳಿದವು.

ಅವರು ಬೇಡಿದರು, ಗದರಿದರು, ವರದಿ ಮಾಡುತ್ತೇನೆಂದರು, ನನ್ನ ಕಾಲಿಗೂ ಬೀಳಲು ನೋಡಿದರು. ಕೊನೆಗೆ ಕಟ್ಟಡದ ಸುತ್ತ ಓಡುತ್ತ ಉತ್ತರಗಳನ್ನು ಕೂಗತೊಡಗಿದರು. ಗೋಡೆ ದಾಟಿ ಒಂದೂ ಒಳಗೆ ಹೋಗಲಿಲ್ಲ, ಜಾಲಿಗಿಡದ ಮೇಕೆಗಳು ಮಾತ್ರ ಕಿವಿ ನಿಮಿರಿಸಿದವು. ಕಿಟಕಿಯ ಹತ್ತಿರ ಬಂದು ಕೂಗಿದಾಗ ಹೊನ್ನೂರಿ ತಲೆ ಹೊರಗೆ ತೆಗೆದು, "ಸಾ, ವಸಿ ಮೆಲ್ಲಕೆ. ಬರೆಯಾಕೆ ಆಗ್ತಿಲ್ಲ," ಎಂದು ಮತ್ತೆ ಒಳಗಿಟ್ಟಳು. ಅವರು ಹೊಂಗೆಮರದ ಕೆಳಗೆ ಕುಸಿದು ಕೂತರು. ಹೀಗೆ ತಗ್ಗಿನ ಶಾಲೆಯ ಚರಿತ್ರೆಯಲ್ಲೇ ಮೊದಲ ಬಾರಿಗೆ ಮಕ್ಕಳು ತಮಗೆ ಗೊತ್ತಿದ್ದುದನ್ನು ಬರೆದರು.

ಅದು ಎಷ್ಟು ಕಮ್ಮಿ ಎಂಬುದು ಫಲಿತಾಂಶದ ದಿನ ಗೊತ್ತಾಯಿತು. ಬೆಳಿಗ್ಗೆಯೇ ಅನ್ನದ ಪಾತ್ರೆ, ಚಾಪೆ, ಹೆಡ್ ಮೇಷ್ಟ್ರ ಕುರ್ಚಿ ಎಲ್ಲ ಹೊರಗಿಟ್ಟು ಮರದ ಕೆಳಗೆ ಕೂತಿದ್ದೆವು. ಊರಿನವರು ಮೋರಿಕಟ್ಟೆಯ ಮೇಲೆ ಕಡಲೆಕಾಯಿ ಸುಲಿಯುತ್ತಿದ್ದರು. ಮಧ್ಯಾಹ್ನ ಕಟ್ಟಡ ನರಳಿತು. ಯಾವಾಗಿನಂತೆ ಒಂದು ಸಲ ನರಳಿ ಸುಮ್ಮನಾಗಲಿಲ್ಲ. ಬಾಗಿಲು ಸೊಂಟದಿಂದ ಮಂಡಿಗೆ, ಮಂಡಿಯಿಂದ ಕಾಲಿನ ಹರಡಿಗೆ ಇಳಿಯಿತು. ಒಳಗಿನ ಬೀರು ಕಿರ್ರೆಂದು ಅರಚಿ, ಹುಳುಕು ಹಲ್ಲು ಕಿತ್ತು ಬರುವ ಹಾಗೆ ಚಾವಣಿಯ ಒಂದು ಮೂಲೆ ಒಡೆದುಕೊಂಡು ಹೊರಗೆ ಬಿತ್ತು. ಧೂಳು ಇಳಿದಾಗ ನಮ್ಮ ಶಾಲೆ ಅಂಗಳದ ನಡುವೆ ಇತ್ತು, ದುರುಗಮ್ಮನ ಸೌತೆಕಾಯಿ ಬುಟ್ಟಿಯಷ್ಟು. ಮಟ್ಟಸವಾಗಿ, ಸುಣ್ಣ ಹೊಡೆದುಕೊಂಡು, ಹಣೆಯ ಮೇಲೆ ಹೆಸರು ಬರೆಸಿಕೊಂಡು. ಕಟ್ಟೆಯ ಮೇಲಿನವರು ಸುಲಿದ ಕಾಯಿ ತಿನ್ನುವುದನ್ನೂ ಮರೆತರು. ಇಲಿಬೋನಿಗಿಂತ ದೊಡ್ಡದೇ ಇದೆ ಸಾರ್ ಎಂದು ನಾನು ಹೆಡ್ ಮೇಷ್ಟ್ರಿಗೆ ಸಮಾಧಾನ ಹೇಳಿದೆ. ಅವರು ಅಳುತ್ತಿದ್ದರು. ಆ ಪುಟ್ಟ ಮನುಷ್ಯ ಅಷ್ಟು ವರ್ಷ ಒಬ್ಬರೇ ಪಿಸುಗುಟ್ಟಿ ಪಿಸುಗುಟ್ಟಿ ಆ ಗೋಡೆಗಳನ್ನು ಹಿಡಿದು ನಿಲ್ಲಿಸಿದ್ದರು.

ಹೊನ್ನೂರಿ ಕನ್ನಡದಲ್ಲಿ ಪಾಸಾಗಿದ್ದಳು, ಸಮಾಜದಲ್ಲಿ ಪಾಸಾಗಿದ್ದಳು, ಗಣಿತದಲ್ಲಿ ಮಕಾಡೆ ಬಿದ್ದಿದ್ದಳು. ತರಗತಿಯ ಸಾಲಿನಲ್ಲಿ ಅವಳದು ಸರಿಯಾಗಿ ನಡುವಿನ ಜಾಗ. ಅವಳನ್ನು ಹೊರಗಿಟ್ಟಿದ್ದರೂ ಅಷ್ಟೇ, ಒಳಗಿಟ್ಟರೂ ಅಷ್ಟೇ. ಇದನ್ನು ಹೆಡ್ ಮೇಷ್ಟ್ರಿಗೆ ಹೇಳಿದೆ. ಅವರು ಮೂಗು ಒರೆಸಿಕೊಂಡು ಹೊನ್ನೂರಿಯನ್ನು ಮೊದಲ ಸಲ ನೋಡುವವರಂತೆ ನೋಡಿದರು.

ಬಿದ್ದ ಪೆಟ್ಟಿಗೆ ಬೀರುವಿನ ಬಾಗಿಲು ಬಾಯಿಬಿಟ್ಟಿತ್ತು. ಒಳಗೆ ಡಬ್ಬಿಗಟ್ಟಲೆ ಸೀಮೆಸುಣ್ಣ, ಭೂಪಟಗಳು, ಒಂದು ಗೋಳ, ಎರಡು ಫುಟ್ಬಾಲ್, ಕವರು ಹರಿಯದ ಕಥೆಪುಸ್ತಕಗಳು. ಶಾಲೆ ಇದ್ದಷ್ಟು ದಿನ ಶಾಲೆಗೆ ಸಿಗದಿದ್ದುದೆಲ್ಲ ಈಗ ಅಂಗಳದ ತುಂಬ ಹರಡಿಕೊಂಡಿತ್ತು. ಮಕ್ಕಳು ಕುಗ್ಗಿದ ಶಾಲೆಯನ್ನು ಮರೆತು ಅದರ ಮೇಲೆ ಬಿದ್ದರು.

ಆಗ ಅಳತೆ ಸಾಹೇಬರು ಬಂದರು. ಟೇಪು ಬಿಚ್ಚಿದವರು ಅದನ್ನು ಸುತ್ತಿಟ್ಟು, ಒಬ್ಬ ಹುಡುಗಿಯ ಕಂಪಾಸು ಪೆಟ್ಟಿಗೆಯಿಂದ ಸ್ಕೇಲು ಕೇಳಿ ಪಡೆದು, ಹೊಟ್ಟೆಯ ಮೇಲೆ ಮಲಗಿ ಅಳೆದರು. ಎದ್ದು ಅಂಗಿ ಕೊಡವಿಕೊಂಡು, ನನ್ನನ್ನು ನೋಡಿ ನಕ್ಕು, ಈ ಶಾಲೆಯನ್ನು ಇವತ್ತಿನಿಂದ ಮುಚ್ಚಿದೆ ಎಂದರು. ಜೀಪಿನಿಂದ ಇಲಾಖೆಯ ಹಿತ್ತಾಳೆ ಬೀಗ ತರಿಸಿದರು. ಮಕ್ಕಳು ಫುಟ್ಬಾಲು ಕೆಳಗಿಟ್ಟರು. ಹೊನ್ನೂರಿ ನನ್ನ ಪಕ್ಕ ಬಂದು ನಿಂತಳು.

ಬೀಗ ಬಾಗಿಲಿಗಿಂತ ದೊಡ್ಡದಿತ್ತು. ಸಾಹೇಬರು ಅದನ್ನು ಬಾಗಿಲ ಮುಂದೆ ಇಟ್ಟು ನೋಡಿದರು, ನೇತುಹಾಕಿ ನೋಡಿದರು. ಭಾರಕ್ಕೆ ಶಾಲೆ ಮುಂದಕ್ಕೆ ಮುಗ್ಗರಿಸಿತು. ಹೆಡ್ ಮೇಷ್ಟ್ರು ಓಡಿಹೋಗಿ ಅದನ್ನು ಎತ್ತಿ ನಿಲ್ಲಿಸಿ ಧೂಳು ಒರೆಸಿದರು. ಆಮೇಲೆ ನನಗೆ ಆಶ್ಚರ್ಯವಾಗುವಂತೆ ಆ ದೊಡ್ಡ ದನಿಯಲ್ಲಿ, ಬಾಗಿಲಿಗೆ ಬೀಗ ಬೀಳುವ ತನಕ ಶಾಲೆ ಮುಚ್ಚಿದ ಹಾಗಲ್ಲ ಎಂದು ನಿಯಮದಲ್ಲಿದೆ ಸಾಹೇಬರೇ ಎಂದರು. ಹೌದು, ನಿಯಮ ಹಾಗೆಯೇ ಇತ್ತು. ಸಾಹೇಬರ ಮುಖ ಹುಳ್ಳಗಾಯಿತು. ಸಣ್ಣ ಬೀಗಕ್ಕೆ ಮೇಲಿನವರಿಗೆ ಬರೆಯುತ್ತೇನೆ, ಬರುವವರೆಗೆ ಕಟ್ಟಡಕ್ಕೆ ನೀವೇ ಜವಾಬ್ದಾರರು, ನಾಯಿ ಪಾಯಿ ಕಚ್ಚಿಕೊಂಡು ಹೋದರೆ ನಿಮ್ಮ ತಲೆದಂಡ ಎಂದು ಹೆಡ್ ಮೇಷ್ಟ್ರಿಗೆ ಹೇಳಿ ಜೀಪು ಹತ್ತಿದರು. ಎಳನೀರನ್ನೂ ಕುಡಿಯಲಿಲ್ಲ. ಸೀಮೆಸುಣ್ಣಕ್ಕೆ ಬರೆದು ಬರೆದು ಸೋತವರು ನಾವು. ಬೀಗ ನಮ್ಮ ಮೊಮ್ಮಕ್ಕಳ ಕಾಲಕ್ಕೆ ಬರಬಹುದು. ಇಲಾಖೆಯ ಮೇಲೆ ನನಗೆ ಅಷ್ಟು ನಂಬಿಕೆಯಿದೆ.

ಜೀಪು ಮರೆಯಾಗುವಷ್ಟರಲ್ಲಿ ಹನಿ ಬೀಳತೊಡಗಿತು. ಮಕ್ಕಳು ಭೂಪಟಗಳನ್ನು ತಲೆಯ ಮೇಲೆ ಹಿಡಿದುಕೊಂಡರು. ಹೊಂಗೆಮರದ ಕೆಳಗೆ ಮೂವತ್ತು ಮಕ್ಕಳು ಎಷ್ಟು ಹೊತ್ತು ನಿಂತಾರು? ಹೆಡ್ ಮೇಷ್ಟ್ರು ಶಾಲೆಯ ಮೇಲೆ ತಮ್ಮ ಕೊಡೆ ಬಿಚ್ಚಿ ಹಿಡಿದು, ತಾವು ನೆನೆಯುತ್ತ, ಮುಂದೇನು ಎಂಬಂತೆ ನನ್ನನ್ನು ನೋಡಿದರು. ಅವರು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು.

ಹೊನ್ನೂರಿ ಚೀಲಕ್ಕೆ ಕೈಹಾಕಿ ಸಿಂಬೆ ತೆಗೆದಳು. ತಲೆಯ ಮೇಲಿಟ್ಟು ಎರಡು ಬೆರಳಲ್ಲಿ ಒತ್ತಿ ಸರಿಮಾಡಿಕೊಂಡು, ಕುಕ್ಕರುಗಾಲಲ್ಲಿ ಕೂತು, ಸಾ, ಒಂದ್ ಕೈ ಕೊಡ್ರಿ ಎಂದಳು. ಹೆಡ್ ಮೇಷ್ಟ್ರು ಕೊಡೆ ನನ್ನ ಕೈಗೆ ಕೊಟ್ಟರು. ಇಬ್ಬರೂ ಸೇರಿ ಶಾಲೆಯನ್ನು ಎತ್ತಿದರು. ಅವಳು ಒಂದೇ ಉಸಿರಿಗೆ ಎದ್ದು ನಿಂತಳು, ಕೈ ಬಿಟ್ಟಳು, ಕತ್ತು ಅಲುಗಲಿಲ್ಲ. ಸೌತೆಕಾಯಿಗಿಂತ ಹಗುರ ಐತೆ ಎಂದಳು. ವರ್ಷವಿಡೀ ಅವಳನ್ನು ಒಳಗೆ ಸೇರಿಸದ ಶಾಲೆ ಅವಳ ನೆತ್ತಿಯ ಮೇಲೆ ಹಾಯಾಗಿ ಕೂತಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ಮಳೆಯಿತ್ತು, ಯಾರಿಗೂ ಗೊತ್ತಾಗಲಿಲ್ಲ.

"ಎಲ್ಲಿಗೆ ಮಿಸ್?" ಎಂದಳು.

ದಿಬ್ಬಕ್ಕೆ ಎಂದೆ. ಅಷ್ಟು ಖಾಲಿ ಹಜಾರಗಳನ್ನು ಪಾರಿವಾಳಗಳಿಗೆ ಬಿಟ್ಟುಕೊಟ್ಟವರು ಒಂದರಲ್ಲಿ ನಾವು ಕೂತರೆ ಗೊತ್ತುಮಾಡಿಕೊಳ್ಳುವುದಕ್ಕೇ ಅವರಿಗೆ ಒಂದು ವರ್ಷ ಬೇಕು. ಕೇಳಿದರೆ ನಾವು ಅವರ ಶಾಲೆಯಲ್ಲಿಲ್ಲ, ನಮ್ಮ ಶಾಲೆಯಲ್ಲೇ ಇದ್ದೇವೆ, ಬೇಕಾದರೆ ಬಗ್ಗಿ ನೋಡಿ ಎಂದು ತೋರಿಸಬಹುದು. ಹೆಡ್ ಮೇಷ್ಟ್ರು ಇದನ್ನು ಕೇಳಿ ಬಹಳ ದಿನಗಳ ಮೇಲೆ ನಕ್ಕರು. ಮಕ್ಕಳು ಗೋಳ, ಫುಟ್ಬಾಲು, ಪುಸ್ತಕ, ಅನ್ನದ ಪಾತ್ರೆ ಹಂಚಿಕೊಂಡು ಹೊತ್ತರು. ಮುಂದೆ ಹೊನ್ನೂರಿ, ಹಿಂದೆ ಕೊಡೆ ಎತ್ತಿ ಹಿಡಿದು ನಾನು. ಆ ಎತ್ತರಕ್ಕೆ ಕೊಡೆ ಹಿಡಿಯುವುದು ನನ್ನೊಬ್ಬಳಿಂದಲೇ ಆಗುತ್ತಿತ್ತು. ಸಂತೆಪೇಟೆಯಲ್ಲಿ ದುರುಗಮ್ಮ ತಕ್ಕಡಿ ಕೆಳಗಿಟ್ಟು ಎದ್ದು ನಿಂತು ನೋಡಿದಳು. ನೆಟ್ಟಗೆ ನಡಿಯೇ, ಬೀಳಿಸ್ಬಿಟ್ಟೀಯ ಎಂದಳು, ಅಷ್ಟೇ.

ದಿಬ್ಬದ ಶಾಲೆಯ ಹೆಬ್ಬಾಗಿಲು ಎಷ್ಟು ಎತ್ತರವಿತ್ತೆಂದರೆ ಅದರ ಮೇಲ್ತುದಿ ಮಳೆಯಲ್ಲಿ ಕಾಣುತ್ತಲೇ ಇರಲಿಲ್ಲ. ಆದರೂ ಹೊಸ್ತಿಲ ಹತ್ತಿರ ಬಂದೊಡನೆ ಹೊನ್ನೂರಿಯ ಮಂಡಿ ರೂಢಿಯಂತೆ ಮಡಚಿತು, ಕತ್ತು ತಗ್ಗಿತು. ನೆತ್ತಿಯ ಮೇಲೆ ಶಾಲೆ ಒಂದಿಷ್ಟು ಓಲಾಡಿತು.

"ಬಗ್ಗಬೇಡ ಕಣೇ," ಎಂದೆ. "ತಲೆ ಮೇಲೆ ಶಾಲೆ ಇದೆ."